ಓಡಿದವನು ತಿರುಗಿ ನಿಂತಾಗ

‘ಟೆಸ್ಟ್ ಮಾಡಿಸಿದರೆ ತಾನೇ ಶುಗರ್ ಅನ್ನೋದು? ಮಾಡಿಸದಿದ್ದರೆ ಏನೂ ಇಲ್ಲ.’ ಈ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಜನ ಆಡುತ್ತಾರೆ! ಆಡುವವರು ತಿಳಿಯದವರಲ್ಲ. ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಇಡುವವರು, ಮಕ್ಕಳ ಮಾರ್ಕ್ಸ್ ಕಾರ್ಡನ್ನು ಕನ್ನಡಕ ಏರಿಸಿ ಓದುವವರು. ತಮ್ಮ ರಕ್ತದ ಲೆಕ್ಕ ಬಂದಾಗ ಮಾತ್ರ ‘ಈ ಹಬ್ಬ ಒಂದು ಕಳೀಲಿ’ ಅನ್ನುತ್ತಾರೆ. ಗೌರಿ-ಗಣೇಶ ಕಳೆದರೆ ದಸರಾ, ದಸರಾ ಕಳೆದರೆ ದೀಪಾವಳಿ.

ನನ್ನ ಸೋದರಮಾವನೂ ಹಾಗೆ ಮುಂದಕ್ಕೆ ಹಾಕುತ್ತ ಬಂದವರು. ಅತ್ತೆ ಹಟ ಹಿಡಿದ ಮೇಲೆ ಎರಡು ದಿನ ಸಿಹಿ ಬಿಟ್ಟು, ಅನ್ನ ಕಡಿಮೆ ಮಾಡಿ ಲ್ಯಾಬಿಗೆ ಹೋದರು. ಖಾಲಿ ಹೊಟ್ಟೆಯ ಸಕ್ಕರೆ ಅಷ್ಟೇನೂ ಹೆಚ್ಚಿರಲಿಲ್ಲ. ಆದರೆ ಡಾಕ್ಟರು ಎಚ್‌ಬಿಎ1ಸಿ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದರು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳಿಬಿಡುತ್ತದೆ. ಎರಡು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ. ಶೇಕಡಾ 6.5 ಮುಟ್ಟಿದರೆ ಮಧುಮೇಹ. ಮಾವನದು ಒಂಬತ್ತು ದಾಟಿತ್ತು.

ಆಮೇಲೆ ಡಾಕ್ಟರು ಪಾದ ನೋಡಬೇಕು ಅಂದರು. ‘ಕಣ್ಣು ಮುಚ್ಚಿಕೊಳ್ಳಿ ಯಜಮಾನ್ರೇ. ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಿ.’ ಪುಟ್ಟ ಹಿಡಿಕೆಯ ತುದಿಯಲ್ಲಿದ್ದ ನೈಲಾನ್ ಎಳೆಯನ್ನು ಡಾಕ್ಟರು ಹೆಬ್ಬೆರಳಿನ ಅಡಿಗೆ ಒತ್ತಿದರು. ಎಳೆ ಬಾಗಿತು. ಮಾವ ಸುಮ್ಮನಿದ್ದರು. ಕಿರುಬೆರಳಿನ ಬುಡದಲ್ಲಿ ಒತ್ತಿದರು. ಎಳೆ ಮತ್ತೆ ಬಾಗಿತು. ‘ಶುರು ಮಾಡಿ ಡಾಕ್ಟ್ರೇ’ ಅಂದರು ಮಾವ, ಕಣ್ಣು ಮುಚ್ಚಿಕೊಂಡೇ. ಪಕ್ಕದಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನೋವಾದರೆ ನೋಡಿಕೊಳ್ಳೋಣ ಎಂದು ನಾವು ಕಾಯುತ್ತೇವೆ. ಈ ಕಾಯಿಲೆ ಕಸಿದುಕೊಳ್ಳಬಹುದಾದದ್ದು ನೋವು ತಿಳಿಸುವ ನರಗಳನ್ನೇ. ಚಪ್ಪಲಿ ಕಚ್ಚಿದ್ದು, ಮುಳ್ಳು ಚುಚ್ಚಿದ್ದು, ಬಿಸಿಲಿಗೆ ಕಾದ ನೆಲ ಸುಟ್ಟಿದ್ದು ಗೊತ್ತಾಗದೆ ಗಾಯ ಒಳಗೊಳಗೇ ಕೊಳೆಯುತ್ತದೆ. ಬದುಕಿನ ಬೇರೆ ಕಷ್ಟಗಳೂ ಬಹಳ ಸಲ ಹೀಗೆಯೇ. ನೋಡದೆ ಬಿಟ್ಟಷ್ಟು ಕಾಲ ಅವು ನೋಯಿಸದೆಯೇ ಬೆಳೆಯುತ್ತವೆ.

ಆ ಸಂಜೆ ಮಾವ ಕುಸಿದುಹೋಗುತ್ತಾರೆಂದು ನಾವೆಲ್ಲ ಹೆದರಿದ್ದೆವು. ಅವರು ಕೇಳಿದ್ದು ಬೇರೆ: ಮಾತ್ರೆ ಊಟಕ್ಕೆ ಮೊದಲೋ ಆಮೇಲೋ? ಮುದ್ದೆ ಎಷ್ಟು ತಿನ್ನಬಹುದು? ಮಲಗುವ ಮುಂಚೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡುವುದು, ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕೈಯಾಡಿಸುವುದು ರೂಢಿಯಾಯಿತು. ಅಷ್ಟು ವರ್ಷ ಅವರನ್ನು ಕಾಡಿದ್ದು ಅಳತೆಯಿಲ್ಲದ ಭಯ. ಅಳತೆ ಸಿಕ್ಕ ದಿನ ಅದು ದಿನಕ್ಕಿಷ್ಟು ಎಂದು ಮಾಡಬಹುದಾದ ಕೆಲಸವಾಯಿತು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವನು ವಿರಾಟಪರ್ವದ ಉತ್ತರಕುಮಾರ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆ ಕಟ್ಟಿ ನಾವು ಅವನನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೇವೆ. ಅಂತಃಪುರದ ಹೆಂಗಸರೆದುರು ಬಡಾಯಿ ಕೊಚ್ಚಿದ್ದು ನಿಜ. ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ್ದೂ ನಿಜ. ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದಾಗ, ಬಿಟ್ಟುಬಿಡು ಎಂದು ಅಂಗಲಾಚಿದ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅರ್ಜುನ ಅವನಿಗೆ ಭೀಷ್ಮ-ದ್ರೋಣರನ್ನು ಗೆಲ್ಲು ಎಂದು ಹೇಳಲಿಲ್ಲ. ನಾನು ಕಾದುತ್ತೇನೆ, ನೀನು ಕುದುರೆ ಹಿಡಿ ಎಂದ. ಉತ್ತರ ಶಮೀವೃಕ್ಷ ಹತ್ತಿ ಆಯುಧ ಇಳಿಸಿದ, ವಾಘೆ ಹಿಡಿದ, ತಾನು ಬೆನ್ನು ತೋರಿಸಿದ್ದ ಸೇನೆಯ ಎದುರಿಗೇ ರಥ ಹೊಡೆದ. ನಡುವೆ ಮತ್ತೆ ಎದೆಗುಂದಿದ, ಅರ್ಜುನ ಧೈರ್ಯ ಹೇಳಿದ, ರಥ ಮುಂದೆ ಹೋಯಿತು. ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನನ್ನು ಎದುರಿಸಿ ಕಾದಾಡುತ್ತ ಸತ್ತ. ಅಲ್ಲಿ ಅವನನ್ನು ಹಿಡಿದು ನಿಲ್ಲಿಸುವ ಬೃಹನ್ನಳೆ ಬೇಕಾಗಿರಲಿಲ್ಲ.

ಕಷ್ಟವನ್ನು ಎದುರಿಸುವುದೆಂದರೆ ಎದೆಯಲ್ಲಿ ಭಯವೇ ಇಲ್ಲದಿರುವುದು ಎಂದು ಯಾರೋ ನಮ್ಮನ್ನು ನಂಬಿಸಿಬಿಟ್ಟಿದ್ದಾರೆ. ಅದಕ್ಕೇ ಭಯ ಹೋಗಲಿ ಎಂದು ಕಾಯುತ್ತ ಕೂರುತ್ತೇವೆ. ಉತ್ತರನಿಗೆ ಭಯ ಹೋಗಿರಲಿಲ್ಲ. ಕೈಗೆ ಒಂದು ಕೆಲಸ ಸಿಕ್ಕಿತ್ತು, ಜೊತೆಗೊಬ್ಬರಿದ್ದರು. ಮಾವನಿಗೆ ಅತ್ತೆ ಇದ್ದ ಹಾಗೆ. ಓಡುವವರನ್ನು ಹಿಡಿದು ನಿಲ್ಲಿಸುವವರ ಮೇಲೆ ನಾವು ಆ ಹೊತ್ತಿಗೆ ರೇಗುತ್ತೇವೆ. ಅವರು ನಮ್ಮ ಪುಣ್ಯ.

ಆದ್ದರಿಂದ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ ಬ್ಯಾಂಕಿನ ನೋಟಿಸನ್ನು, ಆಸ್ತಿ ಪಾಲಿನ ವಿಷಯದಲ್ಲಿ ಅಣ್ಣನ ಹತ್ತಿರ ಆಡದೆ ಉಳಿಸಿಕೊಂಡ ಮಾತನ್ನು ಇನ್ನೊಂದು ಹಬ್ಬಕ್ಕೆ ದಾಟಿಸಬೇಡಿ. ಪೂರ್ತಿ ಗೆಲ್ಲುವ ಧೈರ್ಯ ಇವತ್ತೇ ಬೇಕಾಗಿಲ್ಲ. ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಕೋಟೆ ಒಡೆಯಿರಿ, ಬಾಕಿ ಎಷ್ಟೆಂದು ಗಟ್ಟಿಯಾಗಿ ಓದಿ. ಹೇಗೆ ತೀರಿಸುವುದೆಂಬುದನ್ನು ನಾಳೆ ಮ್ಯಾನೇಜರ ಎದುರು ಕೂತು ಮಾತಾಡಬಹುದು.