ಐವತ್ತು ವ್ಯಾಟಿನ ರೇಡಿಯೋದಲ್ಲಿ ಅಪ್ಪನ ಪ್ಲೇಟುಗಳು

ಮೈಸೂರಿನ ಯಾದವಗಿರಿಯಲ್ಲಿ ಆಕಾಶವಾಣಿ ಕೇಂದ್ರದ ಮುಂದೆ ಹಾದುಹೋಗುವಾಗಲೆಲ್ಲ ಅಪ್ಪನದು ಒಂದೇ ಮಾತು: "ರೇಡಿಯೋ ಹುಟ್ಟಿದ್ದು ಇಲ್ಲಲ್ಲ ಕಣೇ, ಅಲ್ಲಿ, ಮೇಷ್ಟ್ರ ಮನೇಲಿ." ಮೇಷ್ಟ್ರು ಅಂದರೆ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಅವರು ಅಲ್ಲೇ ಕೂಗಳತೆಯಲ್ಲಿದ್ದ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ನಮ್ಮ ಬಚ್ಚಲ ಬಲ್ಬೇ 40 ವ್ಯಾಟಿನದು!

ಕಳೆದ ತಿಂಗಳು ಅದಕ್ಕಿಂತ ಸ್ವಲ್ಪ ದೊಡ್ಡ ರೇಡಿಯೋ ನೋಡಿ ಬಂದೆ. ನಮ್ಮೂರು ಮೈಸೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಊರಿಗೆ ಸ್ವಲ್ಪ ಮೊದಲು, ರಾಗಿ ಹೊಲಗಳ ಮಧ್ಯೆ ಒಂದು ಸಮುದಾಯ ಬಾನುಲಿ ಕೇಂದ್ರ ಇದೆ. ಎರಡು ಕೋಣೆ, ಗೋಡೆಗೆ ಕಂಬಳಿ ಹೊದಿಸಿದ ಸ್ಟುಡಿಯೋ, ಹೊರಗೊಂದು ಕಂಬ. 50 ವ್ಯಾಟಿನ ಶಕ್ತಿ, ಹತ್ತು-ಹನ್ನೆರಡು ಕಿಲೋಮೀಟರಿಗೆ ಕೇಳಿಸುತ್ತೆ. ಅಂದರೆ ನಮ್ಮ ಮನೆ ಜಗಲಿಗೂ!

ನನ್ನ ಚೀಲದಲ್ಲಿ ತಾತ ಕೂಡಿಟ್ಟಿದ್ದ ಗ್ರಾಮಫೋನ್ ಪ್ಲೇಟುಗಳಿದ್ದವು. ಅವುಗಳಲ್ಲಿರುವುದನ್ನು ಪರಿಚಯದವರೊಬ್ಬರ ಹಳೇ ಪ್ಲೇಯರಿನಲ್ಲಿ ಹಾಕಿಸಿ ಪೆನ್‌ಡ್ರೈವಿಗೆ ಇಳಿಸಿದ್ದೆ. ಅಪ್ಪನಿಗೆ ಎಂಬತ್ತೆಂಟು. ಮೆಟ್ಟಿಲು ಇಳಿಯೋಕಾಗಲ್ಲ, ಕಚೇರಿಗೆ ಹೋಗೋದಂತೂ ದೂರದ ಮಾತು. ಮನೆಯ ರೇಡಿಯೋದಲ್ಲಿ ಆ ಹಾಡುಗಳು ಬಂದರೆ ಹೇಗಿರುತ್ತೆ ಅಂತ ನನ್ನ ಆಸೆ.

ಕೇಂದ್ರದ ಹುಡುಗಿ, ಡಿಗ್ರಿ ಮುಗಿಸಿ ಒಂದು ವರ್ಷ ಆಗಿರಬಹುದು, ಪೆನ್‌ಡ್ರೈವ್ ಮುಟ್ಟಲೇ ಇಲ್ಲ. "ಮೇಡಂ, ಯಾವ ವರ್ಷದ್ದು ಇವು?" ಅಂದಳು. ತ್ಯಾಗರಾಜರ ಕೃತಿಗೆ ವರ್ಷ ಯಾಕಮ್ಮಾ ಅಂತ ನಕ್ಕೆ. ಅವಳು ನಗಲಿಲ್ಲ. ಕೃತಿ ಬೇರೆ, ಧ್ವನಿಮುದ್ರಣ ಬೇರೆಯಂತೆ. ನಮ್ಮ ಕಾನೂನಿನಲ್ಲಿ ವಾಗ್ಗೇಯಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಗೆ ಹಕ್ಕಿರುತ್ತೆ. ಪ್ಲೇಟಿಗಾದರೆ ಅದು ಹೊರಬಂದ ಮುಂದಿನ ವರ್ಷದಿಂದ 60. ದುಡ್ಡು ಕಟ್ಟಿ ಪರವಾನಗಿ ತರಬಹುದು, ಆದರೆ ಕರೆಂಟ್ ಬಿಲ್ಲಿಗೇ ತಿಣುಕುವ ಕೇಂದ್ರ ಅದು.

ಗೋಹರ್ ಜಾನ್ ಪ್ಲೇಟಿಗೆ ತಕರಾರೇ ಇರಲಿಲ್ಲ. ಆಕೆ ಕಲ್ಕತ್ತೆಯಲ್ಲಿ ಮೊದಲು ಧ್ವನಿ ಕೊಟ್ಟಿದ್ದು 1902ರಲ್ಲಿ. ಹಾಡು ಮುಗಿದಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿಬಿಡುತ್ತಾಳೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಯಾರ ಹಾಡೆಂದು ಅಲ್ಲಿಯವರಿಗೆ ಗೊತ್ತಾಗಬೇಕಲ್ಲ. ಅಂಥ ಗಾಯಕಿ ಕೊನೆಗೆ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಇದನ್ನು ಹೇಳಿದಾಗ ಹುಡುಗಿಯ ಕಣ್ಣರಳಿತು. "ಇದನ್ನೂ ಹಾಕೋಣ ಮೇಡಂ, ನೀವೇ ಹೇಳಿ" ಅಂತ ಮೈಕ್ ಮುಂದೆ ಕೂರಿಸಿದಳು. ನನ್ನ ಗಂಟಲು ಒಣಗಿ ಮೂರು ಸಲ ತಪ್ಪಿದೆ.

ಸಿಕ್ಕಿಹಾಕಿಕೊಂಡಿದ್ದು ಅಪ್ಪನ ಪ್ರಾಣದಂಥ ಎಲ್‌ಪಿ. ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ' ಅದರಲ್ಲಿದೆ. ತಾತನ ಪ್ಲೇಟುಗಳ ಮೇಲೆ ಇಸವಿಯೇ ಇರಲಿಲ್ಲ, ಇದರ ರಟ್ಟಿನ ಹಿಂದೆ ಮಾತ್ರ 1970 ಅಂತ ಸ್ಪಷ್ಟವಾಗಿತ್ತು. ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. 2030 ಮುಗಿಯಬೇಕು.

ಫೋನಿನಲ್ಲಿ ಹೇಳಿದರೆ ಅಪ್ಪ ಸಿಟ್ಟಾಗಲಿಲ್ಲ. "ಅಷ್ಟೊತ್ತಿಗೆ ನನ್ನ ಕಿವಿ ಇರುತ್ತೇನೇ?" ಅಂದರು, ಅಷ್ಟೇ. ನಾನು ಎಲ್‌ಪಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಬಾಗಿಲವರೆಗೆ ಬಂದ ಹುಡುಗಿ ತಡೆದಳು. ಆಚಾರ್ಯರು ಹೋಗಿದ್ದು 1961ರಲ್ಲಿ, ಹಾಗಾಗಿ 2022ರಿಂದ ಕೃತಿ ಎಲ್ಲರದ್ದೂ ಅಲ್ಲವಾ? ಪಕ್ಕದ ಹಳ್ಳಿಯಲ್ಲಿ ಸಂಗೀತ ಕಲಿಯೋ ಹುಡುಗಿ ಇದ್ದಾಳೆ, ಹಾಡಿಸೋಣವಾ? ಹೇಗೂ ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರದ್ದೇ ಇರಬೇಕು ಅನ್ನೋದು ಇಂಥ ಕೇಂದ್ರಗಳಿಗಿರುವ ನಿಯಮ. (ಜಯಚಾಮರಾಜ ಒಡೆಯರ ಕೃತಿ ಕೇಳಿದ್ದರೆ ಆಗುತ್ತಿರಲಿಲ್ಲ. ಅವರು ಹೋಗಿದ್ದು 1974ರಲ್ಲಿ. ಆಸ್ಥಾನ ವಿದ್ವಾಂಸರ ಹಾಡು ನಮ್ಮ ಕೈಗೆ ಬಂತು, ಮಹಾರಾಜರದ್ದು ಇನ್ನೂ ಬರಬೇಕು.)

ಭಾನುವಾರ ಸಂಜೆ ಅಪ್ಪನನ್ನು ಜಗಲಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ಮೊದಲು ನನ್ನ ಒಣಗಿದ ಗಂಟಲು, ಆಮೇಲೆ ಎಣ್ಣೆ ಕಾದ ಬಾಣಲೆಯಂತೆ ಚಟಪಟ ಅನ್ನುವ ಗೋಹರ್ ಜಾನ್. ಎದುರು ಮನೆಯ ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲೇ ಕೇಳುತ್ತಾ, "ಅಜ್ಜೀರು ಇಂಗ್ಲೀಷ್ ಮಾತಾಡ್ತಾರೆ!" ಅಂತ ಕೂಗಿದ. ಕೊನೆಗೆ ಬಂತು ಖಮಾಚ್. ತಂಬೂರಿ ಇಲ್ಲ, ಶ್ರುತಿ ಪೆಟ್ಟಿಗೆಯ ಜೊತೆ ಎಳೇ ದನಿ. ಹಿಂದೆಲ್ಲೋ ಒಂದು ಹಸು ಕೂಗಿತು.

ಅಪ್ಪನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿದ್ದರು.

"ಶಾರೀರ ಚೆನ್ನಾಗಿದೆ. ಚರಣ ಓಡಿಸಿಬಿಟ್ಲು. ಆ ರೇಡಿಯೋದವರ ನಂಬರ್ ಹಾಕಿಕೊಡು, ನಾನೇ ಹೇಳ್ತೀನಿ."