ಅಮ್ಮ ಬರೆದದ್ದು ಎಲ್ಲಿ ಹೋಯಿತು?

18 ಜೂನ್ 2024, ಮಂಗಳವಾರ
ಫಾಲೋಫೀಲ್ಡ್, ಮ್ಯಾಂಚೆಸ್ಟರ್

ವಿಮಾನದಲ್ಲಿ ಕಾಣೆಯಾದ ಸೂಟ್‌ಕೇಸಿಗೆ ವಿಮೆ ಕೇಳುವ ಅರ್ಜಿ. ನಾನು ತುಂಬಿಕೊಡುತ್ತೇನೆ ಎಂದರೂ ಅಮ್ಮ ಕೇಳಲಿಲ್ಲ. ಒಂದೊಂದೇ ಅಕ್ಷರ ಹುಡುಕಿ, ತೋರುಬೆರಳಲ್ಲಿ ಒತ್ತಿ ಬರೆದಳು: ಹಸಿರು ಅಂಚಿನ ರೇಷ್ಮೆ ಸೀರೆ, ಮಂಡಿನೋವಿನ ಎಣ್ಣೆ, ಅಪ್ಪನ ಹಳೇ ಕನ್ನಡಕದ ಡಬ್ಬಿ. ಮುಕ್ಕಾಲು ಗಂಟೆ ಕೂತು ಬರೆದು ಕಳುಹಿಸಿದರೆ ಬಂದದ್ದು ಲಾಗಿನ್ ಪುಟ. ಮತ್ತೆ ಪಾಸ್‌ವರ್ಡ್ ಹಾಕಿದರೆ ಖಾಲಿ ಅರ್ಜಿ.

"ನಾನೇ ಏನೋ ತಪ್ಪು ಒತ್ತಿಬಿಟ್ಟೆ ಕಣೇ" ಎಂದು ಕೈ ಹಿಂದಕ್ಕೆಳೆದುಕೊಂಡಳು. ಅವಳ ತಪ್ಪು ಏನೂ ಇರಲಿಲ್ಲ. ಆ ಮಾತು ಇನ್ನೂ ಕೊರೆಯುತ್ತಿದೆ.

19 ಜೂನ್, ಬುಧವಾರ

ಆಫೀಸಿನಲ್ಲಿ ನಾನೇ ಮಾಡಿದ ಅರ್ಜಿ ಪುಟ ತೆರೆದು ಅರ್ಧ ಗಂಟೆ ಟೈಪ್ ಮಾಡಿದೆ. ಕಳುಹಿಸಿದೆ. ಅದೇ ಲಾಗಿನ್ ಪುಟ, ಅದೇ ಖಾಲಿ ಚೌಕಗಳು. ಎಷ್ಟು ಜನರ ಬರಹ ಹೀಗೆ ನನ್ನ ಕೈಯಿಂದಲೇ ಹೋಗಿದೆಯೋ!

ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿಗೆ ನೆನಪಿಲ್ಲ, ಪ್ರತಿ ಕೋರಿಕೆಯೂ ಅದಕ್ಕೆ ಹೊಸ ಮುಖ. ಅದಕ್ಕೆಂದೇ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿ ತಂದರು. ಕುಕಿಯಲ್ಲಿರುವ ಗುರುತು ನೋಡಿ ಸರ್ವರ್ ನಮ್ಮ ಸೆಷನ್, ಅಂದರೆ ನಾವು ಲಾಗಿನ್ ಆಗಿರುವ ದಾಖಲೆ, ಹುಡುಕುತ್ತದೆ. ನಮ್ಮಲ್ಲಿ ಇಪ್ಪತ್ತು ನಿಮಿಷ ಕೋರಿಕೆ ಬರದಿದ್ದರೆ ಅದನ್ನು ಅಳಿಸುತ್ತದೆ. ಆದರೆ ಟೈಪ್ ಮಾಡುವ ಸದ್ದು ಸರ್ವರ್‌ವರೆಗೆ ಹೋಗುವುದೇ ಇಲ್ಲ. ಮೊನ್ನೆಯ ಅರ್ಜಿಗೂ ಹೀಗೇ ಆಗಿರಬೇಕು: ಅಮ್ಮ ಬರೆಯುತ್ತಲೇ ಇದ್ದಳು. ಸರ್ವರ್ ಲೆಕ್ಕದಲ್ಲಿ ಎದ್ದುಹೋಗಿದ್ದಳು.

ಸೆಷನ್‌ಗೆ ಅವಧಿಯ ಮಿತಿಯಂತೂ ಬೇಕು. ವಿದ್ಯಾರ್ಥಿಗಳೇ ತುಂಬಿರುವ ಈ ಬಡಾವಣೆಯಲ್ಲಿ ಒಂದೊಂದು ಮನೆಯಲ್ಲಿ ಐದಾರು ಜನ. ತೆರೆದಿಟ್ಟ ಲ್ಯಾಪ್‌ಟಾಪ್ ಯಾರ ಕೈಗಾದರೂ ಸಿಗಬಹುದು. ಬೀಗ ಬೀಳಲಿ, ಬರೆದದ್ದನ್ನು ಮಾತ್ರ ಎಸೆಯಬಾರದು.

21 ಜೂನ್, ಶುಕ್ರವಾರ

142ನೇ ಬಸ್ಸು ವಿಲ್ಮ್ಸ್‌ಲೋ ರೋಡ್ ದಾಟಿ ವಿಶ್ವವಿದ್ಯಾಲಯದ ಮುಂದೆ ಹೋಯಿತು. 1948ರ ಇದೇ ದಿನ ಇಲ್ಲಿ 'ಬೇಬಿ' ಕಂಪ್ಯೂಟರ್ ತನ್ನ ಮೊದಲ ಪ್ರೋಗ್ರಾಂ ಓಡಿಸಿತ್ತು. ಅದರ ನೆನಪಿಗೆಂದು ವಿಲಿಯಮ್ಸ್, ಕಿಲ್‌ಬರ್ನ್ ಮಾಡಿದ ಕೊಳವೆಯಲ್ಲಿ ಬರೆದದ್ದು ಕ್ಷಣದಲ್ಲಿ ಮಾಸುತ್ತಿತ್ತು. ಮಾಸುವ ಮೊದಲೇ ಓದಿ ಮತ್ತೆ ಬರೆಯುವ ಏರ್ಪಾಡು ಮಾಡಿದ್ದರು. ಅಂದು 1,024 ಬಿಟ್‌ಗಳಿಗೆ ಸಿಕ್ಕ ಆರೈಕೆ ನಮ್ಮ ಅರ್ಜಿಗೆ ಸಿಕ್ಕಿರಲಿಲ್ಲ.

ಈಗ ಬದಲಿಸಿದ್ದೇನೆ. ಟೈಪ್ ಮಾಡುತ್ತಿದ್ದರೆ ಪುಟವೇ ಆಗಾಗ ಸರ್ವರ್‌ಗೆ ತಿಳಿಸಿ ಕರಡು ಉಳಿಸುತ್ತದೆ. ಎರಡು ನಿಮಿಷ ಬಾಕಿ ಇರುವಾಗ ಎಚ್ಚರಿಸುತ್ತದೆ. ಅವಧಿ ಮುಗಿದರೆ ಸರ್ವರ್ 401, ಅಂದರೆ ಮತ್ತೆ ಲಾಗಿನ್ ಆಗಬೇಕು, ಎನ್ನುತ್ತದೆ. ಪುಟ ಅಲ್ಲೇ ನಿಂತು ಪಾಸ್‌ವರ್ಡ್ ಕೇಳುತ್ತದೆ. ಬೇರೆಯವರು ಲಾಗಿನ್ ಆದರೆ ಕರಡು ಕಾಣುವುದಿಲ್ಲ.

ಸಂಜೆ ಪ್ರಯೋಗದ ಪುಟದಲ್ಲಿ ಅಮ್ಮ ಅದೇ ಪಟ್ಟಿ ಬರೆದಳು. ನಡುವೆ ಸಾರು ಮಾಡಲು ಎದ್ದಳು. ಬೇಕೆಂದೇ ಅವಧಿ ಮುಗಿಯಲು ಬಿಟ್ಟೆ. ಬಂದು ಪಾಸ್‌ವರ್ಡ್ ಹಾಕಿದಳು. ಹಸಿರು ಅಂಚಿನ ಸೀರೆ ಇದ್ದಲ್ಲೇ ಇತ್ತು. ಏನೂ ಹೇಳದೆ ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲು ಶುರುಮಾಡಿದಳು: ಚಕ್ಕುಲಿ, ಎರಡು ಡಬ್ಬಿ.