ಹೊಗೆಗೂಡಿನ ದಿನಗಳು

ಸಂಪಾಜೆ ಕಣಿವೆಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಪಯಸ್ವಿನಿ ಕೆಂಪಗೆ ಹರಿಯುತ್ತದೆ, ಹೋದ ಕರೆಂಟು ಯಾವಾಗ ಬರುತ್ತದೆಂಬ ಖಾತ್ರಿಯಿಲ್ಲ, ಹೊರಗೆ ಹರವಿದ ಯಾವ ವಸ್ತುವೂ ಒಣಗುವುದಿಲ್ಲ. ಅಂಥ ಊರಿನಲ್ಲಿ ಒಂದು ತಲೆಮಾರಿನ ಹಿಂದಿನವರೆಗೂ ಮನೆಯ ದಾಸ್ತಾನನ್ನು ಕಾಯುತ್ತಿದ್ದದ್ದು ಒಲೆಯ ಮೇಲಿನ ಅಟ್ಟ. ಬಿತ್ತನೆಯ ಬೀಜ, ಉಪ್ಪಿನ ಮರಿಗೆ, ಹುಣಸೆ, ಹೊಸದಾಗಿ ಹೆಣೆದ ಬುಟ್ಟಿಗಳು ಎಲ್ಲವೂ ಅಲ್ಲೇ ಸೇರುತ್ತಿದ್ದವು. ಹೊಗೆ ಕುಡಿದ ಬಿದಿರಿಗೆ ಕುಟ್ಟೆ ಹಿಡಿಯುವುದಿಲ್ಲ, ಬೀಜಕ್ಕೆ ಹುಳ ಬೀಳುವುದಿಲ್ಲ. ಆ ಅಟ್ಟದ ಕೆಳಗೆ, ಒಲೆಯ ನೇರಕ್ಕೆ, ಅಡ್ಡ ಕೋಲಿನಲ್ಲಿ ಉಪ್ಪು ಅರಸಿನ ಸವರಿದ ಹಂದಿಮಾಂಸದ ಸೀಳುಗಳು ನೇತಾಡುತ್ತಿದ್ದವು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದ ದಿನ ಅಮ್ಮಂದಿರ ಕೈ ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ.

ಘಟ್ಟದ ಮೇಲಿನ ಕೊಡವರ ಮನೆಗಳಲ್ಲಿ ಇದೇ ಒಣಕ್ ಎರಚಿ. ಅಜ್ಜಂದಿರ ಕಾಲದಲ್ಲಿ ಅದು ಬೇಟೆಯ ಮಾಂಸವಾಗಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಮಾತು ಮುಗಿಯಿತು, ಮುಗಿದದ್ದು ಸರಿಯೂ ಹೌದು. ಆಮೇಲೆ ಇದ್ದದ್ದು ಮನೆಯಲ್ಲಿ ಸಾಕಿದ ಹಂದಿ. ನಾಲ್ಕಾರು ಮನೆಯವರು ಸೇರಿ ಒಂದನ್ನು ಕಡಿದು, ಬಾಳೆಲೆಯ ಮೇಲೆ ಸಮನಾಗಿ ಪಾಲು ಹಾಕಿ ಹಂಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಆ ದಿನದ ಸಾರಿಗೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಹೊಗೆಗೆ ಕಟ್ಟುತ್ತಿದ್ದರು.

ತೊಂಬತ್ತರ ದಶಕದಲ್ಲಿ ಗ್ಯಾಸ್ ಬಂತು. ಒಂದೊಂದಾಗಿ ಹೆಂಚಿನ ಮನೆಗಳು ಇಳಿದು ತಾರಸಿ ಮನೆಗಳು ಎದ್ದವು. ಇದರಿಂದ ಹೆಂಗಸರಿಗೆ ಸಿಕ್ಕ ಬಿಡುಗಡೆಯನ್ನು ನಾನು ಯಾವತ್ತೂ ಕಡಿಮೆ ಮಾಡಿ ಹೇಳಲಾರೆ. ನಮ್ಮ ದೊಡ್ಡಮ್ಮ ಮಳೆಗಾಲವಿಡೀ ಹಸಿ ಸೌದೆ ಊದಿ ಊದಿ ಕೆಂಪು ಕಣ್ಣಲ್ಲೇ ಇರುತ್ತಿದ್ದರು. ರಾತ್ರಿ ಅವರ ಕೆಮ್ಮು ಜಗಲಿಯವರೆಗೂ ಕೇಳುತ್ತಿತ್ತು. ಹೊಸ ಮನೆಯ ಬಿಳಿ ಗೋಡೆಯ ಅಡುಗೆಕೋಣೆಗೆ ಬಂದ ವರ್ಷ ಆ ಕೆಮ್ಮು ಇಳಿಯಿತು. ಒಲೆಯ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಈಗ ವೈದ್ಯರು ವಿವರಿಸುತ್ತಾರೆ. ನಮಗೆ ಅದು ದೊಡ್ಡಮ್ಮನ ನಿದ್ದೆಯಲ್ಲೇ ಗೊತ್ತಾಗಿತ್ತು.

ಆದರೆ ಹೊಗೆಯ ಜತೆಗೆ ಅಟ್ಟವೂ ಹೋಯಿತು, ಮಾಂಸವೂ ಹೋಯಿತು. ಫ್ರಿಜ್‌ನಲ್ಲಿಟ್ಟದ್ದು ಕರೆಂಟು ಹೋದ ಮೂರನೇ ದಿನಕ್ಕೆ ಹಾಳಾಗುತ್ತಿತ್ತು. ಆಟಿಯ ಊಟದಲ್ಲಿ ಏನೋ ಒಂದು ಇಲ್ಲವೆಂದು ಮೊದಲು ಬಾಯಿಬಿಟ್ಟು ಹೇಳಿದವರೂ ದೊಡ್ಡಮ್ಮನೇ. ಅದನ್ನು ಕೇಳಿ ಚಿಕ್ಕಪ್ಪ ಅಂದರು: ‘ಹೊಗೆ ಮನೆಯೊಳಗೆ ಬೇಡ. ಹೊಗೆಗೇ ಒಂದು ಮನೆ ಕಟ್ಟುವ.’ ಅಲ್ಲಿಂದ ಶುರುವಾದದ್ದು ಈ ಕತೆ.

ನಾವು ಅಣ್ಣತಮ್ಮಂದಿರು, ಅಕ್ಕಪಕ್ಕದ ಮನೆಯ ಹುಡುಗರು, ಊರಿನ ಹಿರಿಯ ಆಚಾರಿ, ಮತ್ತೆ ರಬ್ಬರ್ ತೋಟದ ಮೇಸ್ತ್ರಿ, ಇಷ್ಟು ಜನರ ಕೆಲಸ ಅದು. ಮೇಸ್ತ್ರಿ ಬಂದದ್ದರಿಂದಲೇ ಅದು ಆಟಿಕೆಯಾಗದೆ ಕೆಲಸಕ್ಕೆ ಬರುವ ವಸ್ತುವಾಯಿತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ಹಲವು ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತ್ತು. ಮೇಸ್ತ್ರಿ ಅಂಥ ಒಂದು ಮನೆಯಿಂದ ಬಂದವರು. ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಆ ಹಾಳೆಗಳನ್ನು ಹೊಗೆಗೂಡಿನಲ್ಲಿ ಬಿದಿರಿನ ಕೋಲುಗಳ ಮೇಲೆ ಸಾಲಾಗಿ ನೇತುಹಾಕುತ್ತಾರೆ. ಹಾಳೆ ಜೇನಿನ ಬಣ್ಣಕ್ಕೆ ಬರಲು ನಾಲ್ಕೈದು ದಿನ ಬೇಕು. ಒಳಗಿನ ಕಾವು 40ರಿಂದ 60 ಡಿಗ್ರಿಯ ನಡುವೆ ನಿಲ್ಲಬೇಕು. ಹೆಚ್ಚಾದರೆ ಹಾಳೆಯಲ್ಲಿ ಗುಳ್ಳೆ ಏಳುತ್ತದೆ, ಕಡಿಮೆಯಾದರೆ ಬೂಸ್ಟು ಹಿಡಿಯುತ್ತದೆ. ಎರಡಕ್ಕೂ ಪೇಟೆಯಲ್ಲಿ ದರ ಇಳಿಯುತ್ತದೆ. ಹೊಗೆಯನ್ನು ಅಳತೆಯಲ್ಲಿಡುವುದು ಅವರ ಬದುಕೇ ಆಗಿತ್ತು.

ಮರಕ್ಕೆ ಹುಡುಕಾಡಬೇಕಾಗಲಿಲ್ಲ. ಹಳೆಮನೆ ಇಳಿಸಿದಾಗ ಅಟ್ಟದ ಹಲಸಿನ ಹಲಗೆಗಳನ್ನು ಕೊಟ್ಟಿಗೆಯಲ್ಲಿ ಒಟ್ಟಿಟ್ಟಿದ್ದರು. ಅಷ್ಟೂ ವರ್ಷದ ಮಸಿ ಕುಡಿದು ಅವು ಕರ್ರಗಾಗಿದ್ದವು. ಆಚಾರಿ ಒಂದನ್ನು ಎತ್ತಿ ಉಳಿಯ ತುದಿಯಿಂದ ಅಂಚನ್ನು ಸ್ವಲ್ಪ ಹೆರೆದರು. ಕಪ್ಪು ಪದರ ಉಗುರಿನಷ್ಟೂ ದಪ್ಪವಿರಲಿಲ್ಲ. ಅದರಡಿಯಲ್ಲಿ ಹಲಸಿನ ಹಳದಿ ಮೊದಲ ದಿನದಂತೆಯೇ ಇತ್ತು. ಒಂದು ತೂತಿಲ್ಲ, ಒಂದು ಹುಳವಿಲ್ಲ. ಇನ್ನೂ ಎರಡು ತಲೆಮಾರಿಗೆ ಇದು ಸಾಕು ಎಂದರು ಅವರು. ಪ್ಲೈವುಡ್ ಆಗಬಹುದಲ್ಲ ಎಂದು ಯಾರೋ ಕೇಳಿದಾಗ ಖಡಾಖಂಡಿತವಾಗಿ ಬೇಡವೆಂದರು. ಅದರ ಅಂಟು ಕಾವಿಗೆ ಆವಿಯಾಗಿ ಮಾಂಸಕ್ಕೆ ಸೇರುತ್ತದೆ. ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಹಚ್ಚಿದ ಮರಕ್ಕೂ ಅದೇ ಮಾತು.

ಗೂಡಿನ ಅಳತೆ ಅಗಲಕ್ಕೆ 3 ಅಡಿ, ಆಳಕ್ಕೆ ಎರಡೂವರೆ, ಎತ್ತರಕ್ಕೆ 6. ಒಂದು ಹಲಗೆಯ ಅಂಚಿನಲ್ಲಿ ಕಾಲುವೆ ತೋಡಿ, ಇನ್ನೊಂದರ ಅಂಚನ್ನು ತೆಳ್ಳಗೆ ಹೆರೆದು ಅದರೊಳಗೆ ಕೂರಿಸಿದರು. ಮರ ಹಿಗ್ಗಿದರೂ ಕುಗ್ಗಿದರೂ ಸಂದಿ ಬಿಡಬಾರದು. ಒಳಗೆ ಎರಡೂ ಬದಿಗೆ ಕಚ್ಚು ಹಾಕಿದ ಪಟ್ಟಿಗಳು, ಅವುಗಳ ಮೇಲೆ ಬಿದಿರಿನ ಕೋಲು. ಇದು ನೇರವಾಗಿ ರಬ್ಬರ್ ಗೂಡಿನಿಂದ ತಂದದ್ದು. ಬಾಗಿಲಿಗೆ ಹಳೆಮನೆಯ ಕಿಟಕಿಯ ರೆಕ್ಕೆಗಳು, ಮಾಡಿಗೆ ಮಂಗಳೂರು ಹೆಂಚು. ಮೇಲಿನ ಒಂದು ಹೆಂಚನ್ನು ಮಾತ್ರ ಎತ್ತಿ ಇಳಿಸುವಂತೆ ಮರದ ಬೆಣೆ ಕೊಟ್ಟರು. ಗೂಡಿನ ಉಸಿರು ಇರುವುದು ಆ ಹೆಂಚಿನಲ್ಲಿ ಎಂದು ಮೇಸ್ತ್ರಿ ಮತ್ತೆ ಮತ್ತೆ ಹೇಳುತ್ತಿದ್ದರು.

ಬೆಂಕಿಯನ್ನು ಗೂಡಿನ ಕೆಳಗೆ ಇಡಲಿಲ್ಲ. ಹಿತ್ತಿಲಿನ ದರೆಯ ಮೇಲೆ ಕೆಂಪುಕಲ್ಲಿನ ಪಾಯದಲ್ಲಿ ಗೂಡು, ದರೆಯ ಬುಡದಲ್ಲಿ ಒಲೆ. ನಡುವೆ ಸುಮಾರು 8 ಅಡಿ ಉದ್ದದ ಚರಂಡಿ ತೋಡಿ, ಚಪ್ಪಡಿ ಹಾಸಿ, ಮೇಲೆ ಮಣ್ಣು ಮೆತ್ತಿದೆವು. ಹೊಗೆ ಆ ದಾರಿಯಲ್ಲಿ ಏರುತ್ತಾ ತನ್ನ ಬಿಸಿಯನ್ನು ಮಣ್ಣಿಗೆ ಬಿಟ್ಟುಕೊಟ್ಟು ಬರುತ್ತದೆ. ಕಿಡಿ ಹಲಗೆಗೆ ತಾಗುವ ಭಯವಿಲ್ಲ. ಮಾಂಸದ ಕೊಬ್ಬು ಕರಗಿ ಬೆಂಕಿಗೆ ಬಿದ್ದು ಕರಿಮಸಿ ಏಳುವುದೂ ಇಲ್ಲ. ತೊಟ್ಟಿಕ್ಕುವ ಕೊಬ್ಬಿಗೆಂದೇ ಗೂಡಿನ ತಳದಲ್ಲಿ ಹೊಳೆ ಮರಳು ಹರವಿದ ತಟ್ಟೆ ಇಟ್ಟಿದ್ದೆವು.

ಮೊದಲ ಬಾರಿ ಖಾಲಿ ಗೂಡಿಗೆ ಹೊಗೆ ಕೊಟ್ಟ ಸಂಜೆ ಮನೆಮಂದಿಯೆಲ್ಲ ಹಿತ್ತಿಲಿನಲ್ಲಿದ್ದರು. ಹೊಗೆ ಮೇಲೇರದೆ ಒಲೆಯ ಬಾಯಲ್ಲೇ ಹಿಂದಕ್ಕೆ ಉಕ್ಕಿತು. ಮೇಸ್ತ್ರಿ ಹೆಂಚನ್ನು ಎರಡು ಬೆರಳು ಎತ್ತಿ, ಚರಂಡಿಯ ಬಾಯಲ್ಲಿ ಒಂದು ಹಿಡಿ ಒಣ ತರಗೆಲೆ ಉರಿಸಿದರು. ತಣ್ಣಗಿದ್ದ ದಾರಿ ಬೆಚ್ಚಗಾಯಿತು, ಗಾಳಿ ಎಳೆಯಿತು. ಹೆಂಚಿನ ಸಂದಿಯಿಂದ ಮೊದಲು ದಟ್ಟ ಬಿಳಿ ಹೊಗೆ ಬಂತು, ಆಮೇಲೆ ತೆಳು ನೀಲಿ. ಆ ನೀಲಿ ಬರುವ ತನಕ ಮಾಂಸ ಕಟ್ಟಬಾರದು ಎಂದು ಆವತ್ತು ಕಲಿತೆವು. ಬಿಳಿ ಹೊಗೆ ಎಂದರೆ ಸೌದೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಅದು ಮಾಂಸಕ್ಕೆ ಕಹಿ ಹಚ್ಚುತ್ತದೆ.

ಸೌದೆಗೆ ಕಾಫಿ ಗಿಡದ ಹಳೆ ಕಾಂಡ ಎಲ್ಲಕ್ಕಿಂತ ಒಳ್ಳೆಯದು. ಜತೆಗೆ ಪೇರಳೆ, ಹಲಸು. ಕಾವು ಏರಿಸದೆ ಹೊಗೆ ಮಾತ್ರ ಬೇಕಾದಾಗ ತೆಂಗಿನ ಸಿಪ್ಪೆ. ನೀಲಗಿರಿಯನ್ನು ಅದರ ಎಣ್ಣೆ ವಾಸನೆಗಾಗಿ, ಗೇರು ಸಿಪ್ಪೆಯನ್ನು ಅದರ ಸೊನೆಗಾಗಿ ಹತ್ತಿರವೂ ಸೇರಿಸುತ್ತಿರಲಿಲ್ಲ.

ಮಾಂಸದ ತಯಾರಿ ದೊಡ್ಡಮ್ಮನ ಸುಪರ್ದಿ. ಎರಡು ಬೆರಳು ದಪ್ಪದ ಉದ್ದ ಸೀಳುಗಳು, ಕಿಲೋಗೆ ಸುಮಾರು 40 ಗ್ರಾಂ ಉಪ್ಪು, ಅರಸಿನ, ಜಜ್ಜಿದ ಕಾಳುಮೆಣಸು. ಮರಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಉಪ್ಪು ನೀರನ್ನು ಹೊರಗೆಳೆಯುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಬಟ್ಟೆಯಿಂದ ಒರೆಸಿ, ಜಗಲಿಯ ಗಾಳಿಗೆ ಕಟ್ಟುತ್ತಿದ್ದರು. ಕೈ ಮುಟ್ಟಿದರೆ ಒದ್ದೆ ಹತ್ತದೆ ಸಣ್ಣಗೆ ಅಂಟಿದಂತೆ ಆದಾಗಲೇ ಗೂಡಿಗೆ. ಒದ್ದೆ ಮೈಗೆ ಹೊಗೆ ಸರಿಯಾಗಿ ಕೂರುವುದಿಲ್ಲ, ಕಲೆಕಲೆಯಾಗಿ ಹರಿದುಹೋಗುತ್ತದೆ. ಮೊದಲ ದಿನ ಒಲೆ ಜೋರಾಗಿ, ಗೂಡಿನೊಳಗೆ ಕೈ ಇಡಲಾಗದಷ್ಟು ಕಾವು. ಆಮೇಲೆ ಕಾವು ಇಳಿಸಿ ಬರೀ ಹೊಗೆ. ಸುತ್ತಲಿನ ಗಾಳಿಯೇ ನೀರಾಗಿರುವ ಆಟಿಯಲ್ಲಿ ಏನಾದರೂ ಒಣಗಬೇಕಾದರೆ ಗಾಳಿಯನ್ನು ಬೆಚ್ಚಗೆ ಮಾಡುವುದೊಂದೇ ದಾರಿ. ಬೆಚ್ಚಗಿನ ಗಾಳಿ ಮಾಂಸದ ತೇವವನ್ನು ಹೀರಿ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಹೊಗೆಯಲ್ಲಿರುವ ಫೀನಾಲ್ ಮತ್ತು ಆಮ್ಲಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಕೊಬ್ಬು ಕನರದಂತೆ ನೋಡಿಕೊಳ್ಳುತ್ತವೆ.

ಮಾಂಸ ಹದಕ್ಕೆ ಬಂದಿತೇ ಎಂದು ನೋಡುವುದಕ್ಕೆ ದೊಡ್ಡಮ್ಮನದು ಒಂದೇ ಪರೀಕ್ಷೆ. ಒಂದು ಸೀಳನ್ನು ತೆಗೆದು ತಣ್ಣಗಾಗಲು ಬಿಟ್ಟು, ಎರಡೂ ತುದಿ ಹಿಡಿದು ಬಾಗಿಸುತ್ತಿದ್ದರು. ಹೊರಮೈ ಬಿರಿಯಬೇಕು, ಮುರಿಯಬಾರದು. ಬಿರಿದಲ್ಲಿ ಒಳಗಿನ ಎಳೆಗಳು ಕಡುಗೆಂಪಾಗಿ, ನೀರಿನ ಹೊಳಪಿಲ್ಲದೆ ಕಾಣಬೇಕು. ಹಾಗಿದ್ದರೆ ತಲೆಯಾಡಿಸಿ ಕೋಲಿಗೆ ಮರಳಿ ಹಾಕುತ್ತಿದ್ದರು. ಇಲ್ಲವಾದರೆ ‘ಇನ್ನೊಂದು ರಾತ್ರಿ’ ಅನ್ನುತ್ತಿದ್ದರು. ಒಂದು ಕಿಲೋ ಮಾಂಸ ಅರ್ಧ ಕಿಲೋಗಿಂತಲೂ ಕೆಳಗೆ ಇಳಿಯುತ್ತಿತ್ತು.

‘ಇನ್ನೊಂದು ರಾತ್ರಿ’ ಅಂದರೆ ನಮಗೆ ಹಬ್ಬ. ಒಲೆ ಕಾಯಲು ಯಾರಾದರೂ ಕೂರಬೇಕಿತ್ತು, ಒಬ್ಬರು ಕೂತರೆ ಉಳಿದವರೂ ಬರುತ್ತಿದ್ದರು. ದರೆಯ ಬುಡದಲ್ಲಿ ಮಳೆ ತಡೆಯಲು ಒಂದು ತಗಡಿನ ಮಾಡು, ಕೂರಲು ಅಡಕೆ ಮರದ ದಬ್ಬೆ. ಮೇಸ್ತ್ರಿ ಲಂಕೆಯ ಚಹಾ ತೋಟದಲ್ಲಿ ಕಳೆದ ಬಾಲ್ಯವನ್ನು ಹೇಳುತ್ತಿದ್ದರು. ತಾವು ಹುಟ್ಟಿದ ದೇಶದಿಂದಲೇ ಹಡಗು ಹತ್ತಿ, ನೋಡಿಯೇ ಇರದ ‘ಊರಿಗೆ’ ಮರಳಿದ ಕತೆ ಅದು. ಆಚಾರಿ ಯಾವ ದೇವಸ್ಥಾನದ ರಥಕ್ಕೆ ಯಾವ ಮರ ಬಿತ್ತು ಎಂಬುದನ್ನು ನೆನೆಯುತ್ತಿದ್ದರು. ಚಿಕ್ಕಪ್ಪ ಹಲಸಿನ ಬೀಜಗಳನ್ನು ಬೂದಿಯಲ್ಲಿ ಹೂತಿಟ್ಟು, ಬೆಂದಂತೆ ಒಂದೊಂದೇ ತೆಗೆದು ಕೈಗೆ ಕೊಡುತ್ತಿದ್ದರು. ಬೇರೆ ಬೇರೆ ಜಾತಿಯ, ಭಾಷೆಯ ಮಂದಿ ಒಂದೇ ಒಲೆಯ ಮುಂದೆ ಅರ್ಧ ರಾತ್ರಿ ಕೂತದ್ದನ್ನು ನಾನು ನಮ್ಮೂರಿನಲ್ಲಿ ಬೇರೆಲ್ಲೂ ಕಂಡದ್ದಿಲ್ಲ.

ಅಡುಗೆಗೆ ಮುಂಚೆ ಮಾಂಸವನ್ನು ಬಿಸಿನೀರಿನಲ್ಲಿ ನೆನೆಸಿ, ತೊಳೆದು, ಕಲ್ಲಿನಲ್ಲಿ ಜಜ್ಜಿ, ಚೆನ್ನಾಗಿ ಬೇಯಿಸಬೇಕು. ಹೊಗೆ ಹಿಡಿದದ್ದೆಂದು ಹಾಗೇ ತಿನ್ನುವ ಕ್ರಮ ನಮ್ಮಲ್ಲಿಲ್ಲ, ಯಾರೂ ತಿನ್ನಬಾರದು ಕೂಡ. ಬೆಂದ ಮೇಲೆ ಕರಿಬಣ್ಣ ಬರುವಂತೆ ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿ. ಕೊನೆಗೆ ಹುಳಿಗೆ ಘಟ್ಟದ ಮೇಲಿನಿಂದ ತಂದ ಒಂದು ಚಮಚ ಕಾಚಂಪುಳಿ. ಪಕ್ಕದಲ್ಲಿ ಅಕ್ಕಿರೊಟ್ಟಿ, ಕಳಲೆ ಪಲ್ಯ. ಹೊಗೆಯಾಡಿಸಿದ ಮಾಂಸ ದಿನವೂ ತಿನ್ನುವ ಪದಾರ್ಥವಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿತ ಮಾಂಸದ ಬಗ್ಗೆ ಎಚ್ಚರಿಸಿದಾಗ, ಮಳೆಗಾಲದ ಕೆಲವೇ ಊಟಗಳಿಗೆ, ಎಲೆಯ ಬದಿಗೆ ನಾಲ್ಕು ತುಂಡು ಬಡಿಸುತ್ತಿದ್ದ ದೊಡ್ಡಮ್ಮನ ಅಳತೆ ಎಷ್ಟು ಸರಿ ಅನ್ನಿಸಿತು.

ಆಚಾರಿ ತೀರಿಕೊಂಡರು, ಆಮೇಲೆ ಮೇಸ್ತ್ರಿ. ಹುಡುಗರು ಬೆಂಗಳೂರಿಗೆ, ಕೊಲ್ಲಿ ದೇಶಕ್ಕೆ ಹೋದರು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ಮುಚ್ಚಿತು. ಒಲೆಯ ಮುಂದೆ ನಮ್ಮ ಜತೆ ಕೂತಿದ್ದ ಒಂದೆರಡು ಮನೆಯವರು ಆ ಜಾಗ ಬಿಟ್ಟು ಇಳಿದು ಬೇರೆ ಊರು ಸೇರಿದರು. ಗೂಡಿಗೆ ಏನೂ ಆಗಲಿಲ್ಲ. ಈಗ ಅದನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ಅವನು ಚರಂಡಿಯ ಚಪ್ಪಡಿ ಬದಲಿಸಿ, ಬಾಗಿಲಿಗೆ ಥರ್ಮಾಮೀಟರ್ ಕೂರಿಸಿದ್ದಾನೆ. ಹಲಗೆ ಮಾತ್ರ ಹಾಗೇ ಇದೆ.

ಹಳೆಯದನ್ನು ಉಳಿಸಬೇಕು ಎಂದು ಹೇಳುವಾಗ ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳಲೇಬೇಕು. ಒಲೆಯಟ್ಟದ ರುಚಿಗೆ ಬೆಲೆ ತೆತ್ತದ್ದು ನಮ್ಮ ಅಮ್ಮಂದಿರ ಕಣ್ಣು, ಶ್ವಾಸಕೋಶ. ಆ ಗೂಡು ರುಚಿಯನ್ನು ಉಳಿಸಿ ಸಂಕಟವನ್ನು ಅಡುಗೆಮನೆಯ ಹೊರಗಿಟ್ಟಿತು. ಅದಕ್ಕಾಗಿಯೇ ಅದನ್ನು ನಮ್ಮ ಮನೆಯವರು ಮಾಡಿದ ಅತ್ಯಂತ ಒಳ್ಳೆಯ ಕೆಲಸವೆಂದು ನಾನು ಎಣಿಸುತ್ತೇನೆ. ನಿಮ್ಮ ಕಡೆ ಹಳೆಮನೆ ಇಳಿಸುವುದಿದ್ದರೆ ಅಟ್ಟದ ಹಲಗೆಗಳನ್ನು ಸೌದೆಗೆ ಕೊಡಬೇಡಿ. ಉಪ್ಪಿನ ಅಳತೆ, ಹೊಗೆಯ ಬಣ್ಣ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಅವರನ್ನು ಕೂರಿಸಿಕೊಂಡು ಕೆಲಸ ಶುರುಮಾಡಿ.